ಮ್ಯಾಟಡೋರ್ ವ್ಯಾನಿನೊಳಗೆ ಯೆಜ್ಡಿ ಕಟ್ಟಿದ ಬಗೆ

ನನ್ನ ಟೆಂಪೊ ಮ್ಯಾಟಡೋರ್ ವ್ಯಾನು 1986ರದು. ಕಾನೂನಿನ ಲೆಕ್ಕದಲ್ಲಿ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕಾದ್ದರಿಂದ ಆ ಪಟ್ಟ ಅದಕ್ಕಿನ್ನೂ ಸಿಕ್ಕಿಲ್ಲ. ಆದರೂ ವಿರಾಜಪೇಟೆಯಲ್ಲಿ ಎಲ್ಲಿ ನಿಲ್ಲಿಸಿದರೂ ಹಿರಿಯರೊಬ್ಬರು ಬಂದು ಬಾಗಿಲು ತಟ್ಟಿ ನೋಡದೆ ಹೋಗುವುದಿಲ್ಲ. ಇದರ ಜೊತೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ರೋಡ್‌ಕಿಂಗ್ ಬೈಕು ಒಂದಿದೆ. ಬೈಕು, ಡೇರೆ, ಒಲೆ, ಹಾಸಿಗೆ ಎಲ್ಲವನ್ನೂ ವ್ಯಾನಿನೊಳಗೆ ಹೇರಿಕೊಂಡು ಹೋಗಿ, ಎಲ್ಲಾದರೂ ಬಿಡಾರ ಹೂಡಿ, ಅಲ್ಲಿಂದ ಬೈಕಿನಲ್ಲಿ ಸುತ್ತಾಡಬೇಕೆಂಬುದು ಬಹಳ ದಿನಗಳ ಆಸೆಯಾಗಿತ್ತು.

ಮೊದಲ ಸಲ ಸುಳ್ಯದ ಕಡೆಗೆ ಹೊರಟೆ. ನಡುವಿನ ಮತ್ತು ಹಿಂದಿನ ಸೀಟುಗಳನ್ನು ಬಿಚ್ಚಿ, ಬೈಕನ್ನು ಹಿಂಬಾಗಿಲಿನ ಹತ್ತಿರವೇ ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನೈಲಾನ್ ಹಗ್ಗದಿಂದ ಕಿಟಕಿಯ ಕಂಬಿಗಳಿಗೆ ಬಿಗಿದಿದ್ದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯ ಒಂದು ತಿರುವಿನಲ್ಲಿ ಹಿಂದಿನಿಂದ ಧಡಾರೆಂದು ಸದ್ದಾಯಿತು. ನಿಲ್ಲಿಸಿ ನೋಡಿದರೆ ಬೈಕು ಡೇರೆಯ ಚೀಲದ ಮೇಲೆ ಮಲಗಿತ್ತು, ಟ್ಯಾಂಕಿನ ಮುಚ್ಚಳದ ಸಂದಿನಿಂದ ಆಯಿಲ್ ಬೆರೆತ ಪೆಟ್ರೋಲು ತೊಟ್ಟಿಕ್ಕಿ ಕಂಬಳಿಯನ್ನೆಲ್ಲ ತೋಯಿಸಿತ್ತು. ಆ ಕಂಬಳಿಯ ವಾಸನೆ ಎರಡು ಒಗೆತಕ್ಕೂ ಹೋಗಲಿಲ್ಲ. ಮರಳಿ ಘಾಟಿ ಹತ್ತುವಾಗ ಇನ್ನೊಂದು ಪಾಠ ಕಾದಿತ್ತು: ತುಂತುರು ಮಳೆಗೆ ಒದ್ದೆಯಾದ ರಸ್ತೆಯ ಕಡಿದಾದ ತಿರುವುಗಳಲ್ಲಿ ವ್ಯಾನಿನ ಮುಂದಿನ ಚಕ್ರಗಳು ಹಿಡಿತ ಸಿಗದೆ ನಿಂತಲ್ಲೇ ಗಿರಗಿರನೆ ತಿರುಗಿದವು.

ಎರಡಕ್ಕೂ ಕಾರಣ ಹುಡುಕಲು ಕಷ್ಟಪಡಬೇಕಾಗಲಿಲ್ಲ. ಮ್ಯಾಟಡೋರ್ ಮುಂದಿನ ಚಕ್ರಗಳಿಂದ ಎಳೆಯುವ ಗಾಡಿ. ಹಿಂದಿನ ಆಕ್ಸಲ್ಲಿಗಿಂತಲೂ ಹಿಂದೆ ಸುಮಾರು 140 ಕೆ.ಜಿ. ಭಾರವನ್ನಿಟ್ಟರೆ ಅದು ಸನ್ನೆಗೋಲಿನಂತೆ ಕೆಲಸ ಮಾಡಿ, ಎಳೆಯಬೇಕಾದ ಚಕ್ರಗಳನ್ನೇ ಹಗುರ ಮಾಡುತ್ತದೆ. ಏರಿನಲ್ಲಂತೂ ಇದು ಇನ್ನೂ ಹೆಚ್ಚು. ಹಗ್ಗದ ವಿಷಯ ಬೇರೆ. ಪ್ರತಿ ಗುಂಡಿಗೂ ಬೈಕಿನ ಸ್ಪ್ರಿಂಗು ಕುಗ್ಗುತ್ತದೆ, ಆ ಕ್ಷಣಕ್ಕೆ ಹಗ್ಗ ಸಡಿಲವಾಗುತ್ತದೆ, ಗಂಟು ಕೂದಲೆಳೆಯಷ್ಟು ಜಾರುತ್ತದೆ. ಸಾಲದ್ದಕ್ಕೆ ನೈಲಾನು ಒದ್ದೆಯಾದರೆ ಹಿಗ್ಗುತ್ತದೆ.

ಹಾಗಾಗಿ ಕಟ್ಟುವ ಮೊದಲು ಜಾಗ ಬದಲಿಸಿದೆ. ಬೈಕನ್ನು ಮುಂದಕ್ಕೆ ಸರಿಸಿ, ಅದರ ಮುಂದಿನ ಚಕ್ರ ಚಾಲಕನ ಸೀಟಿನ ಹಿಂದೆ ಅಡ್ಡಲಾಗಿ ಕೂರಿಸಿದ ಕಬ್ಬಿಣದ ಪೈಪಿಗೆ ತಾಗುವಂತೆಯೂ, ಎಂಜಿನ್ ಭಾಗ ವ್ಯಾನಿನ ಹಿಂದಿನ ಆಕ್ಸಲ್ಲಿಗಿಂತ ಮುಂದೆ ಬರುವಂತೆಯೂ ಮಾಡಿದೆ. ಚಕ್ರ ಅತ್ತಿತ್ತ ತಿರುಗದಂತೆ ಎರಡೂ ಬದಿಗೆ ಹಲಸಿನ ಮರದ ದಿಮ್ಮಿಗಳನ್ನು ನೆಲಕ್ಕೆ ಬೋಲ್ಟು ಮಾಡಿದೆ.

ಹೆಚ್ಚು ಸಮಯ ತಿಂದದ್ದು ನೆಲದ ಕೆಲಸ. ಕೊಡಗಿನ ಮಳೆಗೆ ಹಳೆಯ ಗಾಡಿಯ ತಗಡು ಮೇಲಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ನಂಬುವಂತಿಲ್ಲ. ವ್ಯಾನಿನ ಅಡಿಗೆ ಮಲಗಿ ಚಿಕ್ಕ ಸುತ್ತಿಗೆಯಿಂದ ಅಂಗುಲ ಅಂಗುಲವೂ ತಟ್ಟುತ್ತಾ ಹೋದೆ. ಗಟ್ಟಿಯಿದ್ದಲ್ಲಿ ಠಣ್ ಎನ್ನುತ್ತಿತ್ತು. ತುಕ್ಕು ತಿಂದಲ್ಲಿ ದೊಬ್ಬೆಂದು ಮಂಕಾಗಿ ಕೇಳಿ, ಕೆಂಪು ಹುಡಿ ಮುಖದ ಮೇಲೆ ಉದುರುತ್ತಿತ್ತು. ಸದ್ದು ಸರಿಯಿದ್ದ ನಾಲ್ಕು ಕಡೆ, ಅದೂ ಚಾಸಿಯ ಅಡ್ಡಪಟ್ಟಿ ಹಾದುಹೋಗುವಲ್ಲಿ ಮಾತ್ರ, ಹಗ್ಗದ ಬದಲು ಬಳಸಲಿದ್ದ ಬೆಲ್ಟುಗಳನ್ನು ಸಿಕ್ಕಿಸುವ ಬಳೆಗಳಿಗಾಗಿ ತೂತು ಕೊರೆಸಿದೆ. ವೆಲ್ಡಿಂಗ್ ಅಂಗಡಿಯವರು ತಲೆಯಲ್ಲಿ ಬಳೆಯಿರುವ ಬೋಲ್ಟು ಸಾಕೆಂದರು. ಅಂಥ ಬೋಲ್ಟು ನೇರ ಎಳೆತಕ್ಕೆ ಗಟ್ಟಿ, ಓರೆ ಎಳೆತಕ್ಕೆ ಬಾಗುತ್ತದೆ. ಬೆಲ್ಟು ಎಳೆಯುವುದು ಓರೆಯಾಗಿಯೇ. ಆದ್ದರಿಂದ ಪಟ್ಟಿಗೆ ಕೂಡಿಕೊಂಡ ಡಿ ಆಕಾರದ ಬಳೆಗಳನ್ನು ಒಂದೊಂದಕ್ಕೆ ಎರಡು ಬೋಲ್ಟಿನಂತೆ ಕೂರಿಸಿ, ಅಡಿಯಲ್ಲಿ 5 ಮಿ.ಮೀ. ದಪ್ಪದ ಉಕ್ಕಿನ ತುಂಡು ಕೊಟ್ಟು ಬಿಗಿಸಿದೆ. ಕೊರೆದ ಅಂಚುಗಳಿಗೆಲ್ಲ ರೆಡ್ ಆಕ್ಸೈಡ್ ಬಳಿಯದಿದ್ದರೆ ಮುಂದಿನ ಮುಂಗಾರಿಗೆ ಆ ತೂತುಗಳಿಂದಲೇ ತುಕ್ಕು ಶುರುವಾಗುತ್ತಿತ್ತು.

ಸರಕು ಕಟ್ಟುವುದಕ್ಕೆ ಯುರೋಪಿನಲ್ಲಿ ಬಳಸುವ ಲೆಕ್ಕವೊಂದಿದೆ: ಜೋರಾಗಿ ಬ್ರೇಕ್ ಹಾಕಿದಾಗ ತೂಕದ 0.8 ಪಾಲು ಮುಂದಕ್ಕೆ, ತಿರುವಿನಲ್ಲಿ 0.5 ಪಾಲು ಪಕ್ಕಕ್ಕೆ ತಳ್ಳುತ್ತದೆಂದು ಹಿಡಿಯುತ್ತಾರೆ. ಹಾಗೆ ನೋಡಿದರೆ ನನ್ನ ಬೈಕು ಮುಂದಕ್ಕೆ ಸುಮಾರು 112 ಕೆ.ಜಿ., ಪಕ್ಕಕ್ಕೆ 70 ಕೆ.ಜಿ. ಭಾರದಷ್ಟು ತಳ್ಳುತ್ತದೆ. ಕಿಟಕಿಯ ಕಂಬಿ ಇದನ್ನು ತಡೆದೀತೆಂದು ನಾನು ನಂಬಿದ್ದೇ ತಪ್ಪು.

ಈಗ ನಾಲ್ಕು ಪಾಲಿಯೆಸ್ಟರ್ ರಾಚೆಟ್ ಬೆಲ್ಟುಗಳನ್ನು, ಅಂದರೆ ಹಲ್ಲುಚಕ್ರದ ಹಿಡಿ ಎಳೆದು ಒಂದೊಂದೇ ಹಲ್ಲಿನಷ್ಟು ಬಿಗಿಯುವ ಬೆಲ್ಟುಗಳನ್ನು ಬಳಸುತ್ತೇನೆ. ಹ್ಯಾಂಡಲಿಗೆ ಕಟ್ಟಿದರೆ ಅದು ತನ್ನ ಹಿಡಿಕೆಯಲ್ಲೇ ತಿರುಗಿಬಿಡುವುದರಿಂದ, ಮುಂದಿನ ಚಕ್ರವನ್ನು ಹಿಡಿದಿರುವ ಸ್ಪ್ರಿಂಗಿನ ಕವಲಾದ ಫೋರ್ಕಿನ ಕೆಳಗಿನ ಕ್ಲಾಂಪಿಗೆ ಮೆತ್ತನೆಯ ಪಟ್ಟಿಯ ಕುಣಿಕೆ ಹಾಕಿ, ಅಲ್ಲಿಂದ ಎರಡು ಬೆಲ್ಟುಗಳನ್ನು ಮುಂದಕ್ಕೂ ಹೊರಕ್ಕೂ ಚಾಚಿ, ಹೆಚ್ಚುಕಡಿಮೆ 45 ಡಿಗ್ರಿ ಓರೆಯಲ್ಲಿ ಕೆಳಕ್ಕೆ ಎಳೆಯುತ್ತೇನೆ. ಸೈಡ್ ಸ್ಟ್ಯಾಂಡ್ ಮಡಚಿರುತ್ತದೆ, ಬೈಕು ಎರಡು ಚಕ್ರಗಳ ಮೇಲೆಯೇ ನಿಂತಿರುತ್ತದೆ, ಗೇರು ಒಂದನೆಯದರಲ್ಲಿರುತ್ತದೆ. ಎಡಕ್ಕೆ ನಾಲ್ಕು ಹಲ್ಲು, ಬಲಕ್ಕೆ ನಾಲ್ಕು ಹಲ್ಲು ಎಂದು ಸಮನಾಗಿ ಬಿಗಿಯುತ್ತಾ, ಮುಂದಿನ ಫೋರ್ಕು ಅರ್ಧದಷ್ಟು ಕುಗ್ಗಿದಾಗ ನಿಲ್ಲಿಸುತ್ತೇನೆ. ಕುಗ್ಗಿದ ಸ್ಪ್ರಿಂಗು ಬೆಲ್ಟನ್ನು ಸದಾ ಮೇಲಕ್ಕೆ ತಳ್ಳುತ್ತಿರುವುದರಿಂದ ಗುಂಡಿಯಲ್ಲಿ ಸಡಿಲ ಬೀಳಲು ಅವಕಾಶವಿಲ್ಲ; ಆದರೆ ಆಸೆಪಟ್ಟು ಪೂರ್ತಿ ಕುಗ್ಗಿಸಿದರೆ ಫೋರ್ಕಿನ ಆಯಿಲ್ ಸೀಲು ಒಸರತೊಡಗಬಹುದು. ಹಿಂದಿನ ಎರಡು ಬೆಲ್ಟುಗಳ ಕೆಲಸ ಹಿಂಭಾಗ ಕುಪ್ಪಳಿಸದಂತೆ ಹಿಡಿಯುವುದಷ್ಟೇ.

ಪೆಟ್ರೋಲಿನ ವಿಷಯದಲ್ಲಿ ಈಗ ನಾನು ಸ್ವಲ್ಪ ಅಂಜುಬುರುಕ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇಡುವುದಿಲ್ಲ. ಹೇರುವ ಮೊದಲು ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರ್ ಬರಿದು ಮಾಡುತ್ತೇನೆ. ಅಡುಗೆ ಅನಿಲ ಗಾಳಿಗಿಂತ ಭಾರವಾಗಿದ್ದು ನೆಲಮಟ್ಟದಲ್ಲಿ ಶೇಖರಗೊಳ್ಳುವುದರಿಂದ, ಚಿಕ್ಕ ಸಿಲಿಂಡರನ್ನು ರೆಗ್ಯುಲೇಟರ್ ಕಳಚಿ, ನೆಟ್ಟಗೆ ನಿಲ್ಲಿಸಿ, ಪಕ್ಕದ ಬಾಗಿಲಿನ ಬಳಿ ಬೇರೆ ಬೆಲ್ಟಿನಿಂದ ಕಟ್ಟುತ್ತೇನೆ. ಕಿಟಕಿಗಳು ತೆರೆದೇ ಇರುತ್ತವೆ.

ಉಳಿದ ಸಾಮಾನು ಸುಲಭ. 20 ಲೀಟರಿನ ನೀರಿನ ಕ್ಯಾನು ಮತ್ತು ಉಪಕರಣದ ಪೆಟ್ಟಿಗೆ ನೆಲದ ಮೇಲೆ, ಬೈಕಿನ ಎರಡು ಬದಿಗೆ ಸಮತೂಕವಾಗಿ. ಕತ್ತಿಯನ್ನು ಗೋಣಿಯಲ್ಲಿ ಸುತ್ತಿ ಪೆಟ್ಟಿಗೆಯೊಳಗೆ. ಹಗುರವಾದ ಡೇರೆ, ಹಾಸಿಗೆಗಳು ಹಿಂದೆ, ಬಲೆಯ ಕೆಳಗೆ. ಅವನ್ನು ಬೈಕಿಗೆ ಒರಗಿಸಿ ಮೆತ್ತೆಯಂತೆ ಬಳಸುವ ಅಭ್ಯಾಸ ಬಿಟ್ಟಿದ್ದೇನೆ, ಏಕೆಂದರೆ ಬೆಲ್ಟು ಕಣ್ಣಿಗೆ ಕಾಣುತ್ತಿರಬೇಕು.

ಹುತ್ತರಿ ಕಳೆದ ಮೇಲೆ ಕಕ್ಕಬ್ಬೆಯ ಕಡೆಗಿನ ಭಾವನವರ ತೋಟಕ್ಕೆ ಹೊರಟಾಗ ಕಡಂಗದಲ್ಲಿ ನಿಲ್ಲಿಸಿ ನೋಡಿದೆ. ಹಿಂದಿನ ಎಡ ಬೆಲ್ಟು ಮಾತ್ರ ಎರಡು ಹಲ್ಲಿನಷ್ಟು ಬಿಗಿತ ಕೇಳಿತು. ತೋಟದ ಕಣದಲ್ಲಿ ಇಳಿಸುವಾಗ ಭಾವನವರು, "ಇದನ್ನು ಓಡಿಸಿಕೊಂಡೇ ಬಂದಿದ್ದರೆ ಇಷ್ಟೊತ್ತಿಗೆ ಕಾಫಿ ಕುಡಿದಾಗುತ್ತಿತ್ತಲ್ಲ ಮಾರಾಯ" ಎಂದರು. ಆದರೂ ಹ್ಯಾಂಡಲ್ ಹಿಡಿದುಕೊಂಡು ನಿಂತರು. ಮುಂದಿನ ಬೆಲ್ಟು ಬಿಟ್ಟೊಡನೆ ಫೋರ್ಕು ಮೇಲಕ್ಕೆ ಚಿಮ್ಮುವುದರಿಂದ ಆ ಕೆಲಸಕ್ಕೆ ಎರಡನೆಯ ಆಳು ಬೇಕೇ ಬೇಕು. ಇಳಿಸುವ ಹಲಗೆ ಇಬ್ಬನಿಗೆ ಜಾರುತ್ತಿತ್ತು. ಈಗ ಅದರ ಮೇಲೆ ಹಳೆಯ ಟೈರಿನ ಪಟ್ಟಿಗಳನ್ನು ಮೊಳೆ ಹೊಡೆದು ಕೂರಿಸಿದ್ದೇನೆ.