ಎರಡೇ ಬಿಟ್‌ನಲ್ಲಿ ಮೂವರ ಲೆಕ್ಕ

ಕ್ವಾಂಟಮ್ ಎಂಟ್ಯಾಂಗಲ್‌ಮೆಂಟ್ (ದೂರವಿದ್ದರೂ ಕಣಗಳು ಒಂದಕ್ಕೊಂದು ಹೆಣೆದುಕೊಂಡಿರುವುದು) ಅಂದರೆ ಸಾಕು, ‘ಬೆಳಕಿಗಿಂತ ಬೇಗ ಸಂದೇಶ ಕಳಿಸಬಹುದಂತೆ’ ಅನ್ನುವವರೇ ಜಾಸ್ತಿ. ಆಗುವುದಿಲ್ಲ. ಹಾಗೆಂದು ಯಾರಾದರೂ ಏನಾದರೂ ಮಾರಿದರೆ ದುಡ್ಡು ಕೊಡಬೇಡಿ. ಆದರೆ ಕಳಿಸಬೇಕಾದ ಸಂದೇಶವನ್ನು ಅದು ಕಡಿಮೆ ಮಾಡಬಲ್ಲದು. ಹ್ಯಾರಿ ಬುರ್ಮನ್, ರಿಚರ್ಡ್ ಕ್ಲೀವ್ ಮತ್ತು ವಿಮ್ ವಾನ್ ಡಾಮ್ ಎಂಬ ಸಂಶೋಧಕರು 1997ರಲ್ಲಿ ತೋರಿಸಿದ ಲೆಕ್ಕವನ್ನೇ ಮಾಡೋಣ.

ಗೀತಾ, ರವಿ, ಸಲ್ಮಾ ದೂರ ದೂರ ಇದ್ದಾರೆ. ಒಬ್ಬೊಬ್ಬರ ಬಳಿ 0ಯಿಂದ 3ರೊಳಗಿನ ಒಂದು ಸಂಖ್ಯೆ. ಮೊತ್ತ ಸಮಸಂಖ್ಯೆ ಅನ್ನುವುದು ಮೊದಲೇ ಗೊತ್ತು. ಅದು 4ರಿಂದ ಭಾಗವಾಗುತ್ತದೆಯೇ ಅಂತ ಗೀತಾ ಹೇಳಬೇಕು. ಮಾಮೂಲಿ ದಾರಿಯಲ್ಲಿ ತಪ್ಪಿಲ್ಲದೆ ಹೇಳಲು 3 ಬಿಟ್ ಬೇಕೇ ಬೇಕು. ನಮಗೆ 2 ಸಾಕು.

ಹಂತ 1: ಸಂಖ್ಯೆ ಸಿಗುವ ಮೊದಲೇ, ಜಿಎಚ್‌ಜೆಡ್ (‘ಮೂರೂ 0’, ‘ಮೂರೂ 1’ ಎರಡೂ ಬೆರೆತಿರುವ) ಸ್ಥಿತಿಯಲ್ಲಿ ಹೆಣೆದ ಮೂರು ಕ್ಯೂಬಿಟ್‌ಗಳನ್ನು (ಅಳೆದಾಗ 0 ಅಥವಾ 1 ಕೊಡುವ ಕ್ವಾಂಟಮ್ ಬಿಟ್‌ಗಳನ್ನು) ಒಬ್ಬೊಬ್ಬರಿಗೆ ಒಂದರಂತೆ ಹಂಚಿ. (ಲ್ಯಾಪ್‌ಟಾಪ್‌ನ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಬಹುದು. ಆದರೆ ಬಿಟ್ ಉಳಿಸಿದೆ ಅಂತ ಬೀಗಬೇಡಿ. ಮೂವರ ಸಂಖ್ಯೆಯೂ ಆ ಒಂದೇ ಯಂತ್ರದೊಳಗೆ ಇದೆ, ಅಲ್ವಾ?)

ಹಂತ 2: ಸಂಖ್ಯೆಯನ್ನು ಎರಡು ಬಿಟ್‌ಗಳಲ್ಲಿ ಬರೆಯಿರಿ: 00, 01, 10, 11.

ಹಂತ 3: ಎಡವುವುದು ಇಲ್ಲೇ. ಬಲಬದಿಯ ಬಿಟ್ 0 ಆದರೆ ಕ್ಯೂಬಿಟ್ ಅನ್ನು ಎಕ್ಸ್ ದಿಕ್ಕಿನಲ್ಲಿ ಅಳೆಯಿರಿ, 1 ಆದರೆ ವೈ ದಿಕ್ಕಿನಲ್ಲಿ. ಯಾವುದು ಎಕ್ಸ್, ಯಾವುದು ವೈ ಎಂದು ಮೂವರೂ ಮೊದಲೇ ಒಪ್ಪಿಕೊಂಡಿರಬೇಕು. ಎಷ್ಟೋ ಮಂದಿ ಆತುರಪಟ್ಟು ಮೊದಲು ಅಳೆದು, ಆಮೇಲೆ ಬಿಟ್ ನೋಡುತ್ತಾರೆ. ಅಳೆದರೆ ಹೆಣಿಗೆ ಬಿಚ್ಚಿತು, ಮತ್ತೆ ಅವಕಾಶವಿಲ್ಲ. ಇನ್ನು ಕೆಲವರು ತಮಗೆ ಬಂದ 0 ಅಥವಾ 1ರಲ್ಲಿ ಅರ್ಥ ಹುಡುಕುತ್ತಾ ಕೂರುತ್ತಾರೆ. ಅದೊಂದನ್ನೇ ನೋಡಿದರೆ ನಾಣ್ಯ ಚಿಮ್ಮಿದ ಹಾಗೆ, ಏನೂ ತಿಳಿಯದು. ಮೂರನ್ನೂ ಸೇರಿಸಿ ನೋಡಿ. ಮೊತ್ತ ಸಮವಾದ್ದರಿಂದ ವೈ ಅಳೆಯುವವರು ಇಬ್ಬರು, ಇಲ್ಲವೇ ಯಾರೂ ಇಲ್ಲ. ಎಲ್ಲರೂ ಎಕ್ಸ್ ಅಳೆದಿದ್ದರೆ 1ಗಳ ಎಣಿಕೆ ಸಮ. ಇಬ್ಬರು ವೈ ಅಳೆದಿದ್ದರೆ ಬೆಸ. ಎರಡು ಬಲಬಿಟ್ 1 ಆದರೆ ಕೂಡುವಾಗ ‘ಕೈಯಲ್ಲಿ ಒಂದು’ ಅಂತೀವಲ್ಲ, ಆ ಬೆಸವೇ ಇದು. ಯಾರೂ ತಮ್ಮ ಬಲಬಿಟ್ ಹೇಳದೆಯೇ ಅದು ಮೂರು ಅಳತೆಗಳಲ್ಲಿ ಹಂಚಿಹೋಗಿರುತ್ತದೆ.

ಹಂತ 4: ಅಳತೆಯ ಫಲಕ್ಕೆ ನಿಮ್ಮ ಎಡಬಿಟ್ ಕೂಡಿ. ಬೆಸ ಬಂದರೆ 1, ಸಮ ಬಂದರೆ 0. ರವಿ, ಸಲ್ಮಾ ಅದನ್ನು ಗೀತಾಗೆ ಕಳಿಸಲಿ. ಗೀತಾ ತನ್ನದನ್ನೂ ಸೇರಿಸಿ ಎಣಿಸಲಿ. 1ಗಳು ಸಮವಿದ್ದರೆ ಭಾಗವಾಗುತ್ತದೆ, ಬೆಸವಿದ್ದರೆ ಇಲ್ಲ.

3, 2, 1 ತೆಗೆದುಕೊಳ್ಳಿ. ಇಬ್ಬರು ವೈ ಅಳೆಯುತ್ತಾರೆ. ಫಲ 0, 1, 0 ಬಂತು ಅನ್ನಿ. ಎಡಬಿಟ್‌ಗಳು 1, 1, 0. ಕೂಡಿದರೆ 1, 0, 0. ಬೆಸ. ಮೊತ್ತ 6, ಭಾಗವಾಗದು. ಸರಿಯಾಯಿತು.

ಕ್ಯೂಬಿಟ್ ಇಲ್ಲದೆಯೂ ಒಂದು ಅಡ್ಡದಾರಿ ಇದೆ. ‘ಕೈಯಲ್ಲಿ ಒಂದು ಇದೆ’ ಅಂತ ಸುಮ್ನೆ ಊಹಿಸಿ, ಎಡಬಿಟ್ ಮಾತ್ರ ಕಳಿಸಿ; ಗೀತಾ ಎಣಿಕೆಗೆ ಒಂದು 1 ಸೇರಿಸಲಿ. ಸಂಖ್ಯೆಗಳು ಯದ್ವಾತದ್ವಾ ಬರುತ್ತಿದ್ದರೆ ಸರಾಸರಿ 4ರಲ್ಲಿ 3 ಸಲ ಉತ್ತರ ಸರಿ ಬರುತ್ತದೆ. ನಿಮ್ಮ ಉಪಕರಣ ಅದನ್ನೂ ಮೀರದಿದ್ದರೆ ಕ್ಯೂಬಿಟ್ ಪಕ್ಕಕ್ಕಿಟ್ಟು ಊಹೆಯನ್ನೇ ನಂಬಿ.