ಗಂಟೆ ಬಾರಿಸಿದ ಮೇಲೆ ಅವಳ ಮುಖ ಕಾಣಲೇ ಇಲ್ಲ

ಮೊದಲೇ ಹೇಳಿಬಿಡುತ್ತೇನೆ. ‘ಗೇಮ್ ಆಫ್ ಥ್ರೋನ್ಸ್’ ಕೊನೆಯ ತನಕ ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ. ಯಾರು ಸತ್ತರು, ಯಾರು ರಾಜನಾದರು, ಎಲ್ಲ ಮುಂದೆ ಇದೆ.

2019ರ ಮೇ ತಿಂಗಳಲ್ಲಿ ಸರಣಿ ಮುಗಿಯಿತು. ನಮ್ಮ ಜಗಳ ಶುರುವಾಯಿತು. ನಾವು ಮೂವರು. ಎಂಟನೇ ಸೀಸನ್ ಪೂರ್ತಿ ಹಾಳು ಅನ್ನುವವನು ನಾನು. ‘ಹಾಳೇನೂ ಆಗಿಲ್ಲ, ನಿನಗೆ ಬೇಕಾದ ಹಾಗೆ ಮುಗೀಲಿಲ್ಲ ಅಷ್ಟೇ’ ಅನ್ನುವವಳು ನನ್ನ ಗೆಳತಿ. ಮೂರನೆಯವನು ನನ್ನ ತಮ್ಮ. ಅವನಿಗೆ ಡ್ರ್ಯಾಗನ್ ಬಂದರೆ ಸಾಕು. ಒಂದು ರಾತ್ರಿ ಮಾತು ಎಲ್ಲಿಗೋ ಹೋಗಿ, ಗೆಳತಿ ನನ್ನ ಜೊತೆ ಮೂರು ವಾರ ಮಾತು ಬಿಟ್ಟಳು. ಒಂದು ಟಿವಿ ಧಾರಾವಾಹಿಗಾಗಿ! ಈಗ ನಗು ಬರುತ್ತದೆ. ಆಗ ಬರಲಿಲ್ಲ.

ಎರಡು ವರ್ಷ ಆದ ಮೇಲೆ ಮತ್ತೆ ಅದೇ ಮಾತು ಎದ್ದಿತು. ಈ ಸಲ ನಾನು ಬಾಯಿ ಮುಚ್ಚಿಕೊಂಡು ಒಂದು ನೋಟ್‌ಬುಕ್ ತಂದೆ. ಮತ್ತೆ ನೋಡುವುದು, ಬರೆದುಕೊಳ್ಳುವುದು, ಆಮೇಲೆ ಮಾತಾಡುವುದು. ಅಷ್ಟೇ ಯೋಜನೆ.

ಮೊದಲ ಪ್ರಯತ್ನ ದಂಡವಾಯಿತು. ನೇರ ಎಂಟನೇ ಸೀಸನ್ ಹಾಕಿಕೊಂಡು ಕೂತೆ. ತಪ್ಪು ಹುಡುಕಲೇಬೇಕು ಅಂತ ಕೂತವನಿಗೆ ತಪ್ಪು ಸಿಗದೇ ಇರುತ್ತದೆಯೇ? ಎರಡು ಪುಟ ತುಂಬಿತು. ಮರುದಿನ ಓದಿದರೆ ಮುಕ್ಕಾಲು ಪಾಲು ಪುಟಗೋಸಿ ವಿಷಯ. ನಾಲ್ಕನೇ ಎಪಿಸೋಡಿನ ದೃಶ್ಯವೊಂದರಲ್ಲಿ ಯಾರೋ ಮರೆತು ಬಿಟ್ಟಿದ್ದ ಆ ಪ್ರಸಿದ್ಧ ಕಾಫಿ ಕಪ್ಪನ್ನೂ ಹಿಡಿಯೋಣ ಅಂತ ಮೂರು ಸಲ ಹಿಂದೆ ಮುಂದೆ ಓಡಿಸಿದೆ. ಅದನ್ನು ಸರಣಿ ಪ್ರಸಾರ ಮಾಡಿದ ಎಚ್‌ಬಿಒದವರು ಯಾವಾಗಲೋ ಅಳಿಸಿಬಿಟ್ಟಿದ್ದರು. ಇಲ್ಲದ ಕಪ್ಪಿಗೆ ಅರ್ಧ ಗಂಟೆ ಹೋಯಿತು.

ಆಗ ಅನ್ನಿಸಿತು, ನಾವು ಮೂವರೂ ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಪಾತ್ರೆಗೆ ಹಾಕಿ ಕಲಸುತ್ತಿದ್ದೇವೆ ಅಂತ. ‘ಏನಾಯಿತು’ ಒಂದು. ‘ಅಲ್ಲಿಗೆ ಹೇಗೆ ಬಂತು’ ಇನ್ನೊಂದು. ನಾನು ಎರಡನೆಯದರ ಬಗ್ಗೆ ಕೂಗಾಡುತ್ತಿದ್ದೆ. ಗೆಳತಿ ಮೊದಲನೆಯದಕ್ಕೆ ಉತ್ತರ ಕೊಡುತ್ತಿದ್ದಳು. ಹೊಸ ಪುಟದಲ್ಲಿ ಎರಡು ಕಾಲಂ ಎಳೆದೆ. ಮೂರನೆಯದು, ‘ಮೊದಲೇ ಸುಳಿವು ಇತ್ತಾ?’

ಕೆಲವು ಸಾಕ್ಷಿಗಳನ್ನು ಒಳಗೆ ಬಿಡುವುದಿಲ್ಲ ಅಂತಲೂ ಮೂವರೂ ಒಪ್ಪಿಕೊಂಡೆವು. ಕೊನೆಯ ಸೀಸನ್ನಿಗೆ 32 ಎಮ್ಮಿ ನಾಮನಿರ್ದೇಶನ ಬಂತು, 12 ಪ್ರಶಸ್ತಿ ಬಂತು ಅಂತ ಗೆಳತಿ ಹೇಳುವ ಹಾಗಿಲ್ಲ. ಸೀಸನ್ನನ್ನೇ ಮತ್ತೆ ಮಾಡಿ ಅಂತ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು ಅಂತ ನಾನು ಹೇಳುವ ಹಾಗಿಲ್ಲ. ಎರಡೂ ಜನಪ್ರಿಯತೆಯ ಲೆಕ್ಕ, ಕಥೆಯ ಲೆಕ್ಕವಲ್ಲ. ಜಾರ್ಜ್ ಮಾರ್ಟಿನ್ ಪುಸ್ತಕಗಳನ್ನೂ ಹೊರಗಿಟ್ಟೆವು. ಐದನೇ ಪುಸ್ತಕ ಬಂದದ್ದು 2011ರಲ್ಲಿ, ಸರಣಿ ಶುರುವಾದ ವರ್ಷವೇ. ಆರನೆಯದಕ್ಕೆ ಕಾದು ಕಾದು ಸರಣಿಯೇ ಮುಂದೆ ಹೋಗಿಬಿಟ್ಟಿತ್ತು. ಸರಣಿ ಮಾಡಿದವರ ಸಂದರ್ಶನಗಳೂ ಬೇಡ. ಇದು ನನಗೆ ಕಷ್ಟವಾಯಿತು. ಯಾಕೆಂದರೆ ಡ್ರ್ಯಾಗನ್‌ಗಳ ಒಡತಿ ಡೆನೇರಿಸ್ ಶತ್ರುವಿನ ಹಡಗುಪಡೆಯನ್ನು ಸ್ವಲ್ಪ ಮರೆತುಬಿಟ್ಟಿದ್ದಳು ಅಂತ ಸರಣಿ ಮಾಡಿದವರಲ್ಲೊಬ್ಬನಾದ ಬೆನಿಯಾಫ್ ಕೊಟ್ಟ ವಿವರಣೆ ನನ್ನ ಬತ್ತಳಿಕೆಯ ಒಳ್ಳೆಯ ಬಾಣವಾಗಿತ್ತು.

73 ಎಪಿಸೋಡನ್ನೂ ಮತ್ತೆ ನೋಡಲಿಲ್ಲ. ಡೆನೇರಿಸ್, ಜೇಮಿ, ಬ್ರಾನ್, ಆರ್ಯ, ಈ ನಾಲ್ವರ ದಾರಿ ಹಿಡಿದು ಒಂದರಿಂದ ಏಳರವರೆಗೆ ಅವರ ಮುಖ್ಯ ದೃಶ್ಯಗಳನ್ನು ಮಾತ್ರ ನೋಡಿದೆ. ಎಂಟನೆಯದನ್ನು ಪೂರ್ತಿ ನೋಡಿದೆ.

ನನ್ನ ದೊಡ್ಡ ದೂರು ‘ಆರೇ ಎಪಿಸೋಡಿಗೆ ಮುಗಿಸಿಬಿಟ್ಟರು’ ಅನ್ನುವುದಾಗಿತ್ತು. ನಿಮಿಷ ಕೂಡಿಸಿ ನೋಡಿದೆ. ಆರೂ ಸೇರಿ ಸುಮಾರು 430 ನಿಮಿಷ, ಅಂದರೆ ಏಳು ಗಂಟೆ ಚಿಲ್ಲರೆ. ಮೊದಲಿನ ಹತ್ತು ಎಪಿಸೋಡಿನ ಸೀಸನ್ ಒಂದೊಂದೂ ಸುಮಾರು ಒಂಬತ್ತು ಗಂಟೆ. ಎಪಿಸೋಡ್ ಲೆಕ್ಕದಲ್ಲಿ ಅರ್ಧದಷ್ಟು ಕಮ್ಮಿ ಅನ್ನಿಸುತ್ತದೆ, ಗಡಿಯಾರದ ಲೆಕ್ಕದಲ್ಲಿ ಅಷ್ಟು ಇಲ್ಲ. ಕಮ್ಮಿಯಾದದ್ದು ಮಾತು. ಮೂರನೇ ಎಪಿಸೋಡ್ 82 ನಿಮಿಷ, ಹೆಚ್ಚು ಪಾಲು ಬರೀ ಹೊಡೆದಾಟ. ಐದನೆಯದರ ಉತ್ತರಾರ್ಧ ಬರೀ ಬೆಂಕಿ. ಇಬ್ಬರು ಒಂದು ಕೋಣೆಯಲ್ಲಿ ಕೂತು ಮಾತಾಡುವುದರಿಂದಲೇ ಬೆಳೆದ ಸರಣಿ ಇದು. ಎರಡನೇ ಎಪಿಸೋಡಿನಲ್ಲಿ ಯುದ್ಧದ ಹಿಂದಿನ ರಾತ್ರಿ ಬೆಂಕಿ ಸುತ್ತ ಕೂತು ಜೇಮಿ ಬ್ರಿಯೆನ್‌ಳಿಗೆ ನೈಟ್ ಪದವಿ ಕೊಡುತ್ತಾನಲ್ಲ, ಅದರ ವಿರುದ್ಧ ನಾನು ಒಂದು ಸಾಲೂ ಬರೆಯಲಿಲ್ಲ. ಮೂವರಿಗೂ ಇಷ್ಟವಾದ ಎಪಿಸೋಡ್ ಅದೊಂದೇ.

ಮೂರನೇ ಎಪಿಸೋಡ್ ಬಗ್ಗೆ ನನ್ನ ತಪ್ಪು ಒಪ್ಪಿಕೊಳ್ಳಬೇಕು. ‘ಏನೂ ಕಾಣಲ್ಲ, ಬರೀ ಕತ್ತಲೆ’ ಅಂತ ಬೈದವರಲ್ಲಿ ನಾನೂ ಒಬ್ಬ. ಅವರು 55 ರಾತ್ರಿ ಚಿತ್ರೀಕರಿಸಿದ ಯುದ್ಧವನ್ನು ನಾನು ನೋಡಿದ್ದು ಫೋನಿನಲ್ಲಿ, ಅದೂ ಮಟಮಟ ಮಧ್ಯಾಹ್ನ. ಈ ಸಲ ದೊಡ್ಡ ಪರದೆ, ದೀಪ ಆರಿಸಿದ ಕೋಣೆ. ಬೇರೆಯದೇ ಎಪಿಸೋಡ್ ನೋಡಿದ ಹಾಗಾಯಿತು. ಡೆನೇರಿಸ್‌ಳ ಕುದುರೆಸವಾರರಾದ ಡೊಥ್ರಾಕಿಗಳ ಉರಿಯುವ ಕತ್ತಿಗಳು ದೂರದಲ್ಲಿ ಒಂದೊಂದಾಗಿ ನಂದಿಹೋಗುವುದು ಇಡೀ ಸರಣಿಯ ಅತಿ ಚಂದದ ಭಯ. ಹಾಗಂತ ಕುದುರೆಪಡೆಯನ್ನು ಕತ್ತಲೆಗೆ ನುಗ್ಗಿಸುವುದು, ಕವಣೆಯಂತ್ರಗಳನ್ನು ಕಾಲಾಳುಗಳ ಮುಂದೆ ನಿಲ್ಲಿಸುವುದು ಬುದ್ಧಿವಂತಿಕೆ ಆಗುವುದಿಲ್ಲ. ಅಲ್ಲಿ ಕರಗಿಹೋದ ಡೊಥ್ರಾಕಿಗಳು ಕೊನೆಯ ಎಪಿಸೋಡಿನಲ್ಲಿ ಅಷ್ಟೊಂದು ಜನ ಎಲ್ಲಿಂದ ಬಂದರೋ, ನನ್ನ ಯಾವ ಕಾಲಮ್ಮಿಗೂ ಹತ್ತಲಿಲ್ಲ.

ಹೆಣಗಳ ಸೈನ್ಯದ ಒಡೆಯ ನೈಟ್ ಕಿಂಗನನ್ನು ಆರ್ಯ ಕೊಂದದ್ದಕ್ಕೆ ಸುಳಿವು ಸಾಕಷ್ಟಿದೆ. ಮೂರನೇ ಸೀಸನ್ನಿನಲ್ಲಿ ಮಾಟಗಾತಿ ಮೆಲಿಸಾಂಡ್ರೆ ಆರ್ಯಳಿಗೆ, ಅವಳು ಮುಂದೆ ಮುಚ್ಚಲಿರುವ ಕಣ್ಣುಗಳ ಬಣ್ಣಗಳ ಮಾತು ಹೇಳುತ್ತಾಳೆ. ಏಳನೆಯದರಲ್ಲಿ ಅವನನ್ನು ಕೊಲ್ಲುವ ಕಠಾರಿ ಆರ್ಯಳ ಕೈಗೆ ಬರುತ್ತದೆ. ಒಪ್ಪಿದೆ, ಮುಂದೆ ಹೋದೆ.

ಜೇಮಿ ಮಾತ್ರ ಈಗಲೂ ನುಂಗಲಾಗದ ತುತ್ತು. ಮೂರನೇ ಸೀಸನ್ನಿನಲ್ಲಿ ಸ್ನಾನದ ತೊಟ್ಟಿಯಲ್ಲಿ ಕೂತು ಬ್ರಿಯೆನ್‌ಳಿಗೆ ಹೇಳುತ್ತಾನೆ, ಹುಚ್ಚು ರಾಜ ಇಡೀ ಊರನ್ನು ಸುಡಲು ಹೊರಟಿದ್ದ, ಅದಕ್ಕೇ ಅವನ ಬೆನ್ನಿಗೆ ಕತ್ತಿ ಹಾಕಿದೆ ಅಂತ. ಎಂಟರ ಐದನೇ ಎಪಿಸೋಡಿನಲ್ಲಿ ಅದೇ ಬಾಯಿ, ಆ ಊರಿನ ಜನರ ಬಗ್ಗೆ ತನಗೆ ಯಾವತ್ತೂ ಅಷ್ಟೇನೂ ಕಾಳಜಿ ಇರಲಿಲ್ಲ ಅನ್ನುತ್ತದೆ. ನಾನು ಪುಟದ ಮೇಲೆ ದಪ್ಪಗೆ ಗೆರೆ ಎಳೆದೆ. ಗೆಳತಿ ಓದಿ, ‘ಸಾಯೋಕೆ ಹೊರಟವನು ತನ್ನ ತಮ್ಮ ಟಿರಿಯನ್ ಹತ್ತಿರ ಸುಳ್ಳು ಹೇಳಬಾರದಾ?’ ಅಂದಳು. ಹೇಳಬಹುದು. ಆದರೆ ಸುಳ್ಳು ಅಂತ ನೋಡುವವರಿಗೆ ತಿಳಿಯಲು ಒಂದು ಎಳೆಯಾದರೂ ಬೇಕಲ್ಲ?

ಇನ್ನು ಡೆನೇರಿಸ್, ಕೊನೆಗೆ ಶರಣಾದ ರಾಜಧಾನಿಯನ್ನೇ ಸುಟ್ಟವಳು. ನೋಟ್‌ಬುಕ್ಕಿನ ಅರ್ಧ ಅವಳದೇ. ‘ಅವಳು ಊರು ಸುಡುವವಳಲ್ಲ, ಒಂದು ಸುಳಿವೂ ಇರಲಿಲ್ಲ’ ಅಂತ ಎರಡು ವರ್ಷ ಗಂಟಲು ಹರಿದುಕೊಂಡವನು ನಾನು. ಬರೆಯುತ್ತಾ ಹೋದ ಹಾಗೆ ಪುಟ ನನ್ನ ವಿರುದ್ಧವೇ ತುಂಬತೊಡಗಿತು. ಎರಡನೇ ಸೀಸನ್ನಿನಲ್ಲಿ ಕಾರ್ತ್ ಊರಿನ ಬಾಗಿಲಲ್ಲಿ ನಿಂತು, ಊರುಗಳನ್ನು ಸುಟ್ಟು ನೆಲಸಮ ಮಾಡುತ್ತೇವೆ ಅಂತ ಕೂಗುತ್ತಾಳೆ. ನಾಲ್ಕನೆಯದರಲ್ಲಿ 163 ಗುಲಾಮ ಮಕ್ಕಳನ್ನು ಕಂಬಕ್ಕೆ ಹೊಡೆದದ್ದಕ್ಕೆ ಪ್ರತಿಯಾಗಿ 163 ಒಡೆಯರನ್ನು ಕಂಬಕ್ಕೆ ಹೊಡೆಸುತ್ತಾಳೆ. ಅವರಲ್ಲಿ ಒಬ್ಬ ಆ ಕೃತ್ಯವನ್ನು ವಿರೋಧಿಸಿದ್ದವನು ಅಂತ ಆಮೇಲೆ ಅವನ ಮಗ ಬಂದು ಹೇಳುತ್ತಾನೆ. ಏಳನೆಯದರಲ್ಲಿ ಮಂಡಿಯೂರದ ಟಾರ್ಲಿ ತಂದೆ ಮಗನನ್ನು ಡ್ರ್ಯಾಗನ್ ಬೆಂಕಿಗೆ ಕೊಡುತ್ತಾಳೆ.

ಆಗ ‘ಯಾರಿಗೆ?’ ಅಂತ ಇನ್ನೊಂದು ಕಾಲಂ ಸೇರಿಸಿದೆ. ಅಲ್ಲಿ ನನಗೆ ಸ್ವಲ್ಪ ಜೀವ ಬಂತು. ಎಲ್ಲ ಸಾಲಿನಲ್ಲೂ ಒಡೆಯರು, ಎದುರು ನಿಂತವರು, ಮೋಸ ಮಾಡಿದವರು. ಮೂರನೇ ಸೀಸನ್ನಿನಲ್ಲಿ ಚಾಟಿ ಹಿಡಿದವರನ್ನೆಲ್ಲ ಕೊಲ್ಲಿ ಅಂತ ಆಜ್ಞೆ ಕೊಡುವಾಗಲೂ ಮಕ್ಕಳನ್ನು ಮುಟ್ಟಬೇಡಿ ಅನ್ನುತ್ತಾಳೆ. ಡ್ರೋಗನ್ ಒಂದು ಪುಟ್ಟ ಹುಡುಗಿಯನ್ನು ಸುಟ್ಟಿತು ಅಂತ ತಿಳಿದಾಗ ಉಳಿದ ಎರಡು ಡ್ರ್ಯಾಗನ್‌ಗಳನ್ನು ತಾನೇ ಸರಪಳಿಯಲ್ಲಿ ಕಟ್ಟಿಹಾಕುತ್ತಾಳೆ, ಅಳುತ್ತಾ. ರಾಜಧಾನಿ ಕಿಂಗ್ಸ್ ಲ್ಯಾಂಡಿಂಗಿನಲ್ಲಿ ಸತ್ತವರು ಒಡೆಯರಲ್ಲ, ಬೀದಿಯ ಜನ. ಆ ಕಾಲಮ್ಮಿಗೆ ಅಂಥವರು ಬಂದದ್ದು ಅದೇ ಮೊದಲು. ಗೆದ್ದೆ ಅಂದುಕೊಂಡೆ.

ಗೆಳತಿ ನೋಟ್‌ಬುಕ್ ಕಿತ್ತುಕೊಂಡು ಕೇಳಿದಳು, ‘ಆರನೇ ಸೀಸನ್ ಒಂಬತ್ತನೇ ಎಪಿಸೋಡ್ ಬರ್ದಿದೀಯಾ?’

ಬರೆದಿರಲಿಲ್ಲ. ಆ ಎಪಿಸೋಡ್ ಅಂದರೆ ಎಲ್ಲರಿಗೂ ಜಾನ್ ಸ್ನೋ ಯುದ್ಧವೇ ನೆನಪು, ನಾನು ಮೊದಲ ಕೆಲವು ನಿಮಿಷ ಓಡಿಸಿಬಿಟ್ಟಿದ್ದೆ. ಹಾಕಿ ನೋಡಿದೆವು. ಅವಳು ಆಳುವ ಊರು, ಮುತ್ತಿಗೆ ಬಿದ್ದ ಮೀರೀನ್. ಡೆನೇರಿಸ್ ತನ್ನ ಯೋಜನೆ ಹೇಳುತ್ತಾಳೆ: ಒಡೆಯರನ್ನು ಕಂಬಕ್ಕೆ ಹೊಡೆಯುವುದು, ಹಡಗು ಸುಡುವುದು, ಅವರ ಊರುಗಳನ್ನು ಮಣ್ಣಿಗೆ ಸೇರಿಸುವುದು. ಊರುಗಳನ್ನು! ಈಗ ಅವಳ ಸಲಹೆಗಾರನಾದ ಟಿರಿಯನ್ ಅವಳಿಗೆ ಅವಳಪ್ಪ, ಅದೇ ಹುಚ್ಚು ರಾಜನ ಕಥೆ ಹೇಳಿ, ಬೇರೆ ದಾರಿ ತೋರಿಸಿ ತಡೆಯುತ್ತಾನೆ.

‘ಯಾರಿಗೆ ಅಂತ ಬರಿಯೋದಲ್ಲ ಕಣೋ,’ ಅಂದಳು ಗೆಳತಿ. ‘ಯಾರು ತಡೆದರು ಅಂತ ಬರಿ.’

ಇನ್ನೊಂದು ಕಾಲಂ. ಜಾಗ ಇರಲಿಲ್ಲ, ಅಂಚಿನಲ್ಲಿ ಬರೆದೆ. ಬ್ಯಾರಿಸ್ಟನ್, ಐದನೇ ಸೀಸನ್ನಿನಲ್ಲಿ ಸತ್ತ. ಜೋರಾ, ವಿಂಟರ್‌ಫೆಲ್ ಯುದ್ಧದಲ್ಲಿ ಅವಳ ತೋಳಲ್ಲೇ ಸತ್ತ. ಮಿಸ್ಸಾಂಡೈ ತಲೆ ಅವಳ ಕಣ್ಣೆದುರೇ ಬಿತ್ತು. ವೇರಿಸನನ್ನು ಅವಳೇ ಸುಟ್ಟಳು. ಟಿರಿಯನ್ ಮೇಲೆ ನಂಬಿಕೆ ಹೋಯಿತು. ಏಳನೇ ಸೀಸನ್ನಿನಲ್ಲಿ, ಊರು ಸುಟ್ಟರೆ ನೀನೂ ಉಳಿದವರ ಹಾಗೇ ಅಂತ ಬುದ್ಧಿ ಹೇಳಿದ್ದ ಜಾನ್ ಅವಳಿಂದ ದೂರ ಸರಿದ. ಅಂಚಿನ ಆ ಕಾಲಮ್ಮಿನಲ್ಲಿ ಹೆಸರುಗಳು ಒಂದೊಂದಾಗಿ ಹೊಡೆದುಹೋದವು, ಎಂಟರ ಐದನೇ ಎಪಿಸೋಡಿಗೆ ಬರುವ ಹೊತ್ತಿಗೆ ಯಾರೂ ಇಲ್ಲ. ನಾನು ಸುಮ್ಮನಾದೆ. ಇದು ನನಗೆ ಹೊಳೆದದ್ದಲ್ಲ, ಗೆಳತಿ ಹೊಳೆಸಿದ್ದು.

ಆದರೂ ಎದೆಯಲ್ಲಿ ಏನೋ ಮುಳ್ಳು. ‘ಏನಾಯಿತು’ ಸರಿ, ಸುಳಿವು ಸರಿ, ದಾರಿಯೂ ಸರಿ. ಹಾಗಾದರೆ ಅವತ್ತು ಯಾಕೆ ಹೊಟ್ಟೆ ಉರಿಯಿತು? ಐದನೇ ಎಪಿಸೋಡನ್ನು ಮೂವರೂ ಒಟ್ಟಿಗೆ ಕೂತು ನೋಡಿದೆವು, ನಿಲ್ಲಿಸಿ ನಿಲ್ಲಿಸಿ. ದಾಳಿಗೆ ಮುಂಚೆ ಅವಳು ಬಾಯಿಬಿಡುವ ದೃಶ್ಯ ನಾಲ್ಕೇ ನಾಲ್ಕು: ಟಿರಿಯನ್ ಬಂದು ವೇರಿಸನ ವಿಷಯ ಹೇಳುವುದು, ವೇರಿಸನ ಸಾವು, ಬೆಂಕಿಯ ಪಕ್ಕ ಜಾನ್ ಜೊತೆ, ಆಮೇಲೆ ಗಂಟೆಯ ಬಗ್ಗೆ ಟಿರಿಯನ್ ಬೇಡಿಕೊಳ್ಳುವುದು. ಆಮೇಲೆ ಯುದ್ಧ. ಗಂಟೆ ಬಾರಿಸುತ್ತದೆ, ಊರು ಶರಣಾಗಿದೆ. ಗೋಡೆಯ ಮೇಲೆ ಡ್ರ್ಯಾಗನ್ ಬೆನ್ನಲ್ಲಿ ಕೂತವಳ ಮುಖ ಒಂದಷ್ಟು ಹೊತ್ತು ತೋರಿಸುತ್ತಾರೆ. ಅವಳು ಹಾರುತ್ತಾಳೆ.

ಅಷ್ಟೇ. ಅಲ್ಲಿಂದ ಎಪಿಸೋಡ್ ಮುಗಿಯುವವರೆಗೆ ಅವಳ ಮುಖ ಮತ್ತೆ ಕಾಣುವುದಿಲ್ಲ. ಕ್ಯಾಮೆರಾ ಕೆಳಗೆ, ಬೂದಿಯಲ್ಲಿ, ಆರ್ಯಳ ಹಿಂದೆ ಓಡುತ್ತದೆ. ಏಳು ಸೀಸನ್ ನಾವು ಅವಳ ಕಣ್ಣಿಂದ ಲೋಕ ನೋಡಿದೆವು. ಅವಳ ಬದುಕಿನ ಅತಿ ದೊಡ್ಡ ಗಳಿಗೆಯಲ್ಲಿ ನಮ್ಮನ್ನು ಅವಳ ಬೆನ್ನಿಂದ ಕೆಳಗಿಳಿಸಿ ಬೀದಿಯಲ್ಲಿ ನಿಲ್ಲಿಸಿಬಿಟ್ಟರು.

‘ಅದು ಬೇಕಂತಲೇ ಮಾಡಿದ್ದು,’ ಗೆಳತಿ ಹೇಳಿದಳು. ‘ಉರಿಯೋರಿಗೆ ಮೇಲಿರೋಳ ಮುಖ ಕಾಣುತ್ತಾ?’

ಒಳ್ಳೆಯ ಮಾತು. ಆ ಎಪಿಸೋಡನ್ನು ಬೇರೆಯಾಗಿ ತೆಗೆದು ನೋಡಿದರೆ ಅದು ಸರಿಯೇ. ಆದರೆ ಎರಡು ವರ್ಷ ಬೈದುಕೊಂಡು ಓಡಾಡಿದ್ದು ಯಾವುದಕ್ಕೆ ಅಂತ ಕೊನೆಗೂ ನನಗೆ ಸಿಕ್ಕಿತ್ತು. ಊರು ಸುಟ್ಟದ್ದಕ್ಕಲ್ಲ. ಸುಡುವಾಗ ಅವಳ ಜೊತೆ ನಮ್ಮನ್ನು ಇರಗೊಡದ್ದಕ್ಕೆ. ಗೆಳತಿ ಇದನ್ನು ಹೇಗೂ ಒಪ್ಪಲಿಲ್ಲ. ಆದರೆ ಈ ಸಲ ಮಾತು ಬಿಡಲೂ ಇಲ್ಲ.

ಕೊನೆಯ ಪುಟ ಬ್ರಾನ್‌ನದು. ಐದನೇ ಸೀಸನ್ನಿನ ಹತ್ತು ಎಪಿಸೋಡಿನಲ್ಲಿ ಹುಡುಗ ಪತ್ತೆಯೇ ಇಲ್ಲ, ಆದರೂ ಅವನಷ್ಟು ಒಳ್ಳೆಯ ಕಥೆ ಯಾರದಿದೆ ಅಂತ ಟಿರಿಯನ್ ಅವನನ್ನೇ ರಾಜ ಮಾಡುತ್ತಾನೆ. ಏಳರಲ್ಲಿ ಅಕ್ಕ ಸಾನ್ಸಾಗೆ, ನಾನು ವಿಂಟರ್‌ಫೆಲ್‌ಗೆ ಲಾರ್ಡ್ ಆಗಲಾರೆ, ಯಾವುದಕ್ಕೂ ಲಾರ್ಡ್ ಆಗಲಾರೆ ಅಂದವನು, ಕೊನೆಗೆ ರಾಜನಾಗುತ್ತೀಯಾ ಅಂತ ಕೇಳಿದರೆ, ಮತ್ತೆ ಇಷ್ಟು ದೂರ ಯಾಕೆ ಬಂದೆ ಅನ್ನುತ್ತಾನೆ. ಎರಡನ್ನೂ ಎದುರು ಬದುರು ಬರೆದು, ನಡುವೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಗೆಳತಿಯ ಮುಂದೆ ಇಟ್ಟೆ. ಅವಳಿಗೂ ಉತ್ತರ ಬರಲಿಲ್ಲ.

ಅಷ್ಟೂ ಹೊತ್ತು ಡ್ರ್ಯಾಗನ್‌ಗಳಿಗಾಗಿ ಮಾತ್ರ ಕೂತಿದ್ದ ತಮ್ಮ ಬಗ್ಗಿ ಓದಿದ.

‘ಅಣ್ಣಾ, ಲಾರ್ಡ್ ಆಗಲ್ಲ ಅಂದಿದಾನೆ. ರಾಜ ಆಗಲ್ಲ ಅಂತ ಎಲ್ಲಿ ಅಂದ?’