ಮಳೆಗಾಲದಲ್ಲಿ ಮೆಣಸಿನಕಾಯಿ ಅಗೆ ಮನೆಯೊಳಗೇ ಉಳಿಸಿಕೊಂಡದ್ದು

ತೀರ್ಥಹಳ್ಳಿ ಕಡೆ ಜುಲೈ ಮಳೆಗೆ ಹೊರಗೆ ಹಾಕಿದ ಅಗೆ (ಎಳೆ ಸಸಿ) ಉಳಿಯುವುದಿಲ್ಲ, ಅದಕ್ಕೇ ಒಳಗೆ ಟ್ರೇಯಲ್ಲಿ ಹಾಕುತ್ತಿದ್ದೆ. ಹುಟ್ಟಲು ಮೂರು ವಾರ. ಹುಟ್ಟಿದ್ದೂ ನೂಲಿನ ಹಾಗೆ ಉದ್ದವಾಗಿ, ಮಣ್ಣಿಗೆ ತಾಗುವಲ್ಲಿ ಬುಡ ಕಂದಾಗಿ ಸಣಕಲಾಗಿ, ಬೆಳಗಾಗುವಷ್ಟರಲ್ಲಿ ಮಲಗಿರುತ್ತಿತ್ತು.

ಬೂದಿ ಉದುರಿಸಿದೆ, ಕಿಟಕಿ ಪಕ್ಕ ಇಟ್ಟೆ, ಆಗಲಿಲ್ಲ. ಕೊಟ್ಟಿಗೆ ಗೊಬ್ಬರ ಹಾಕಿದ ಮೇಲೆ ಕೊಳೆ ಇನ್ನೂ ಜಾಸ್ತಿ. ಸಸಿ ಬಿದ್ದ ಮೇಲೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆಯುವುದು ಸುಮ್ನೆ ದಂಡ.

ಕೊನೆಗೆ ತೋಟದ ಮಣ್ಣು ಪೂರ್ತಿ ಬಿಟ್ಟೆ. ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ತೊಳೆದ ಮರಳು, ಮೇಲೆ ಕುದಿಯುವ ನೀರು ಹೊಯ್ದು ಆರಿಸಿದೆ. ಬೀಜ ಕಾಲಿಂಚು ಆಳಕ್ಕೆ. ಟ್ರೇ ಬಚ್ಚಲೊಲೆ ಪಕ್ಕದ ಕಟ್ಟೆ ಮೇಲೆ, ಥರ್ಮಾಮೀಟರ್ ಚುಚ್ಚಿ ನೋಡಿದರೆ 28 ಡಿಗ್ರಿ ಇರುವ ಜಾಗದಲ್ಲಿ. 8ನೇ ದಿನ ಮೊಳಕೆ ಬಂತು.

ಎಲ್ಲರೂ ತಪ್ಪುವುದು ಇಲ್ಲೇ. ಮೊದಲ ಮೊಳಕೆ ಕೊಕ್ಕೆಯ ಹಾಗೆ ಬಾಗಿಕೊಂಡು ಎದ್ದ ದಿನವೇ ಟ್ರೇಯನ್ನು ಬೆಳಕಿನಡಿ ತರಬೇಕು, ನಾಳೆ ನೋಡೋಣ ಅಂದರೆ ಸಸಿ ಉದ್ದವಾಗಿಬಿಡುತ್ತದೆ. 20 ವ್ಯಾಟ್ ಬಿಳಿ ಎಲ್‌ಇಡಿ ಟ್ಯೂಬ್, ಎಲೆಯಿಂದ 3 ಇಂಚು ಮೇಲೆ, ಬೆಳಿಗ್ಗೆ 6ರಿಂದ ರಾತ್ರಿ 8. ನಡುವೆ ಕರೆಂಟ್ ಒಂದೆರಡು ಗಂಟೆ ಹೋದರೆ ಪರವಾಗಿಲ್ಲ. ಸಸಿ ಎದ್ದ ಹಾಗೆ ಟ್ಯೂಬ್ ಕಟ್ಟಿದ ದಾರ ಏರಿಸಬೇಕು.

ನೀರು ಮೇಲಿಂದ ಬೇಡ. ಟ್ರೇಯನ್ನು ತಟ್ಟೆ ನೀರಲ್ಲಿ 15 ನಿಮಿಷ ಇಟ್ಟು ತೆಗೆಯಿರಿ, ಮತ್ತೆ ಮೇಲ್ಭಾಗ ಒಣಗಿ ಬಣ್ಣ ತಿಳಿಯಾದ ಮೇಲೆಯೇ. ಟೇಬಲ್ ಫ್ಯಾನ್ ಕಡಿಮೆ ಸ್ಪೀಡಿನಲ್ಲಿ ದಿನಕ್ಕೆ ಎರಡು ಗಂಟೆ, ಎಲೆ ಸ್ವಲ್ಪ ಅಲುಗಾಡಿದರೆ ಸಾಕು.